ಗೆದ್ದರೆ ನಮ್ಮ ಮೊಲ

ಕಡಲಾಚೆಯ ಬ್ರಿಟಿಷ್ ರೇಡಿಯೊ ಐರ್ಲೆಂಡಿನ ಮೊಲವನ್ನು ಹಾಡಹಗಲೇ ಕದ್ದಿತು. ಮೊಲ ಓಟದಲ್ಲಿ ಗೆದ್ದ ದಿನ "ನಮ್ಮ ಬ್ರಿಟಿಷ್ ಮೊಲ ಗೆದ್ದಿತು!" ಎಂದು ಕೂಗಿತು. ಮರುವಾರ ಸೋತಾಗ "ಐರಿಷ್ ಮೊಲ ಮುಗ್ಗರಿಸಿತು" ಎಂದಿತು.

ಇದನ್ನು ಕೇಳಿದ ಐರ್ಲೆಂಡಿನ ಕತ್ತೆಯೊಂದು "ಇದು ಕಳ್ಳತನ" ಎಂದು ಗೊಣಗಿತು. ಓಟದ ಹುಚ್ಚಿನ ಡಬ್ಲಿನ್ ಊರಿನ ಕುರಿ ಹೇಳಿತು: "ಕತ್ತೆಯಣ್ಣಾ, ಆಟದಲ್ಲಿ ರಾಜಕೀಯ ಬೇಡ."

"ಒಂದೇ ವಾರದಲ್ಲಿ ಮೊಲದ ದೇಶ ಬದಲಾಯಿಸಿದ್ದು ಯಾವ ಆಟ, ಕುರಿಯಕ್ಕಾ?" ಎಂದಿತು ಕತ್ತೆ.

ಮೊಲ ಸೀದಾ ರೇಡಿಯೊ ಮುಂದೆ ಹೋಗಿ ನಿಂತಿತು. "ಸ್ವಾಮಿ, ನಾಳೆ ಮತ್ತೆ ಓಟವಿದೆ. ನಾನು ಯಾವ ದೇಶದ ಮೊಲ, ಈಗಲೇ ಹೇಳಿಬಿಡಿ."

ರೇಡಿಯೊ ಗೊರಗೊರ ಎಂದಿತು. "ಓಟ ಮುಗಿಯಲಿ, ಹೇಳುತ್ತೇನೆ."

ಕುರಿಗೂ ನಗು ತಡೆಯಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ರೇಡಿಯೊ ಇದೆ. ಓಟಕ್ಕೆ ಮುಂಚೆಯೇ ಪ್ರಶ್ನೆ ಹಾಕಿ. ತಡವರಿಸಿದರೆ ಅದರ ಕಿವಿ ಹಿಂಡಿ.