ಸಿಂಗಾರಿ ನೋಡಿದ ಪಂದ್ಯ

ಕೆರೆಯ ತಂಡದವರು ಚೆಂಡನ್ನು ಎತ್ತಿ ಗುರಿ ಹಿಡಿದ ಕೂಡಲೇ ಸಿಂಗಾರಿ ತನ್ನ ತಲೆಯನ್ನು ಎಡ ರೆಕ್ಕೆಯ ಕೆಳಗೆ ತೂರಿಸಿಕೊಳ್ಳುತ್ತಿದ್ದಳು. ಚೆಂಡು ಬಿದ್ದ ಮೇಲೆ, ಇಲ್ಲವೇ ಬೀಳದೆ ಹೋದ ಮೇಲೆ, ತಲೆ ಹೊರಗೆ ತೆಗೆದು ಪಕ್ಕದಲ್ಲಿದ್ದವರನ್ನು "ಬಿತ್ತಾ?" ಎಂದು ಕೇಳುತ್ತಿದ್ದಳು.

ಸಿಂಗಾರಿ ಒಂದು ಹರಟೆಮಲ್ಲ ಹಕ್ಕಿ. ಮಣ್ಣಿನ ಬಣ್ಣದ ಈ ಹಕ್ಕಿಗಳನ್ನು ನೀವೂ ನೋಡಿರುತ್ತೀರಿ. ಗುಂಪು ಕಟ್ಟಿಕೊಂಡು ತರಗೆಲೆಗಳ ಮೇಲೆ ಕುಪ್ಪಳಿಸುತ್ತಾ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಮಾತಾಡುತ್ತಿರುತ್ತವಲ್ಲ, ಅವೇ. ಸಿಂಗಾರಿಯ ಮನೆ ಕೆರೆಯ ಏರಿಯ ಮೇಲಿನ ಜಾಲಿ ಮರದಲ್ಲಿ. ಅಕ್ಕತಂಗಿಯರೆಲ್ಲ ಅಲ್ಲೇ ಒಟ್ಟಿಗೆ ಇದ್ದರು.

"ನಾನು ನೋಡಿದರೆ ಬೀಳೋದಿಲ್ಲ ಕಣೇ, ಅದಕ್ಕೇ ನೋಡಲ್ಲ," ಎಂದು ಅವಳು ಹೇಳುತ್ತಿದ್ದಳು.

"ನೀನು ನೋಡದಿದ್ದರೂ ಬೀಳೋದಿಲ್ಲವಲ್ಲೇ," ಎನ್ನುತ್ತಿದ್ದಳು ಅವಳ ಅಕ್ಕ.

ಅದೂ ನಿಜವೇ. ಕೆರೆಯ ತಂಡ ಅಷ್ಟೊಂದು ಸೋಲುತ್ತಿತ್ತು.

ಯಾವ ಆಟ ಎಂದು ಕೇಳುತ್ತೀರಾ? ನಿಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಇದೆಯಲ್ಲ, ಹೆಚ್ಚುಕಡಿಮೆ ಅದೇ. ತಿರುಳೆಲ್ಲ ತೆಗೆದು ಒಣಗಿಸಿದ ಬೇಲದ ಕಾಯಿಯೇ ಚೆಂಡು. ಬುಟ್ಟಿಯ ಬದಲು ಗೀಜಗನ ಅರ್ಧ ಗೂಡು. ಗಂಡು ಗೀಜಗ ಕಷ್ಟಪಟ್ಟು ಹೆಣೆಯುತ್ತದೆ, ಹೆಣ್ಣು ಬಂದು ನೋಡಿ ಬೇಡ ಎಂದು ಹಾರಿಹೋಗುತ್ತದೆ. ಹಾಗೆ ಕೈಬಿಟ್ಟ ಗೂಡುಗಳು ಕೊಂಬೆಯಿಂದ ಬಳೆಯಂತೆ ತೂಗುತ್ತಿರುತ್ತವೆ. ಮೇಲಿನಿಂದ ಹಾಕಿದ ಚೆಂಡು ಕೆಳಗೆ ಬೀಳಬೇಕು, ಅಷ್ಟೇ. ಗೂಡು ತನ್ನದಾದ್ದರಿಂದ ತೀರ್ಪು ಹೇಳುವವನೂ ಗೀಜಗನೇ. ರೆಕ್ಕೆ ಇರುವವರು ಆಡುವಂತಿಲ್ಲ, ನೋಡಬಹುದು.

ಕೆರೆಯ ತಂಡದಲ್ಲಿ ಐದು ಮಂದಿ. ಮುಂದಾಳು ಕೆಂಚಪ್ಪ ಎಂಬ ಮುಂಗುಸಿ. ಒಂದು ಮೊಲ, ಇಬ್ಬರು ಅಣ್ಣತಮ್ಮ ಕಪ್ಪೆಗಳು. ಐದನೆಯವಳು ನಿಂಗಿ ಎಂಬ ಆಮೆ. ಮೊದಲು ಆಡುತ್ತಿದ್ದ ಉಡ ಬೇರೆ ಕಾಡಿಗೆ ಹೊರಟುಹೋದ ಮೇಲೆ ಇನ್ಯಾರೂ ಸಿಗದೆ ಅವಳನ್ನು ಸೇರಿಸಿಕೊಂಡಿದ್ದರು. ನಿಂಗಿ ಹೆಚ್ಚು ಮಾತಾಡುತ್ತಿರಲಿಲ್ಲ. ಚೆಂಡೂ ಅವಳ ಬಳಿ ಹೆಚ್ಚು ಬರುತ್ತಿರಲಿಲ್ಲ.

ಆ ಸಲ ಪಂದ್ಯ ಕರಿಬಂಡೆಯ ಮೇಲೆ, ಕಪ್ಪು ಮೋರೆಯ ಕೋತಿಗಳಾದ ಮುಸುವಗಳ ಊರಿನಲ್ಲಿ. ತಮ್ಮ ಬಂಡೆಯ ಮೇಲೆ ಮುಸುವಗಳು ಸೋತದ್ದನ್ನು ಯಾರೂ ಕಂಡಿರಲಿಲ್ಲ.

"ಅಷ್ಟು ದೂರ ಹೋಗಿ ಸೋಲೋದನ್ನ ನೋಡಬೇಕಾ? ಇಲ್ಲೇ ನೋಡ್ತೀವಲ್ಲ," ಎಂದಳು ಅಕ್ಕ. ಕೆರೆಯಲ್ಲಿ ಎಲ್ಲರದೂ ಅದೇ ಮಾತು. ಕೊನೆಗೆ ಸಿಂಗಾರಿ ಒಬ್ಬಳೇ ಹೊರಟಳು.

ಬಂಡೆಯ ಪಕ್ಕದ ಬಸರಿ ಮರ ಮುಸುವಗಳಿಂದ ತುಂಬಿಹೋಗಿತ್ತು. ಸಿಂಗಾರಿ ಆಟದ ಬಯಲಿಗೆ ನೇರ ಮೇಲಿದ್ದ ಒಂದು ಕೊಂಬೆ ಹುಡುಕಿ ಕೂತಳು. ಪಕ್ಕದಲ್ಲಿ ಒಬ್ಬಳು ಮುದಿ ಮುಸುವ ಚಿಗುರು ಅಗಿಯುತ್ತಾ ಕೂತಿದ್ದಳು.

"ಕೆರೆ ಕಡೆಯವಳಾ?"

"ಹೌದಜ್ಜಿ."

"ಒಬ್ಬಳೇ ಬಂದೆಯಾ?"

"ಉಳಿದವರಿಗೆ ಕೆಲಸ ಇತ್ತು."

"ಇರುತ್ತೆ, ಇರುತ್ತೆ," ಎಂದಳು ಅಜ್ಜಿ. "ನಿಮ್ಮ ಆ ಆಮೆ ಆಟಕ್ಕೆ ಬಂದಿದ್ದಾಳೋ, ಇಲ್ಲಾ ನಮ್ಮ ಮಕ್ಕಳಿಗೆ ಕೂರೋಕೆ ಕಲ್ಲು ಬೇಕು ಅಂತ ತಂದಿದ್ದಾರೋ?"

ಕೊಂಬೆಯ ತುಂಬ ನಗು. ಸಿಂಗಾರಿ ಮೈ ಮುದುಡಿ ಕೂತಳು. ಊರಲ್ಲಾಗಿದ್ದರೆ ಹತ್ತು ಮಾತು ಹಿಂದಿರುಗಿಸುತ್ತಿದ್ದಳು.

ಮುಸುವಗಳು ಎದುರಾಳಿಗಳನ್ನು ನೋಡಿ, ತಮ್ಮ ಒಳ್ಳೆಯ ಆಟಗಾರರನ್ನು ಮರದ ಮೇಲೆ ಕೂರಿಸಿ ಮರಿಗಳನ್ನು ಆಟಕ್ಕೆ ಇಳಿಸಿದವು. ಮರಿಗಳಿಗೆ ಚೆಂಡಿಗಿಂತ ಒಂದರ ಬಾಲ ಒಂದು ಎಳೆಯುವುದರಲ್ಲೇ ಖುಷಿ. ಅಷ್ಟರಲ್ಲಿ ಕಪ್ಪೆಗಳು ಹಾರಿ ಹಾರಿ ಹಾಕಿದವು, ಕೆಂಚಪ್ಪ ನುಸುಳಿ ನುಸುಳಿ ಹಾಕಿದ. ದೊಡ್ಡವರು ಗಾಬರಿಯಿಂದ ಇಳಿದು ಬಂದು ಒಂದೊಂದಾಗಿ ಹಾಕುತ್ತಾ ಹೋದರು. ಕಂಬದಂತೆ ನಿಂತ ಕಲ್ಲಿನ ನೆರಳು ಬಯಲಿನ ಅಂಚನ್ನು ಮುಟ್ಟಿದರೆ ಆಟ ಮುಗಿದಂತೆ. ನೆರಳು ಇನ್ನೇನು ಮುಟ್ಟಬೇಕು ಎನ್ನುವಾಗ ಎರಡೂ ಕಡೆ ಸಮ ಆಗಿತ್ತು.

ಚೆಂಡು ಕೆಂಚಪ್ಪನ ಕೈಗೆ ಬಂತು.

ಇದನ್ನು ನೋಡುವುದಕ್ಕೇ ಅವಳು ಅಷ್ಟು ದೂರ ಹಾರಿ ಬಂದಿದ್ದಳು. ಆದರೂ ತಲೆ ತಾನಾಗಿಯೇ ರೆಕ್ಕೆಯ ಕೆಳಗೆ ಹೋಯಿತು.

ಕತ್ತಲೆಯಲ್ಲಿ ಅವಳಿಗೆ ಮುಸುವಗಳ ಕೂಗು ಕೇಳಿಸಿತು. ಏನೋ ದೊಪ್ಪೆಂದು ಬಿದ್ದ ಸದ್ದು ಕೇಳಿಸಿತು. ಕೂಗು ಇನ್ನೂ ಜೋರಾಯಿತು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತಿತು. ಬಸರಿಯ ಎಲೆ ಅಲುಗುವುದು ಕೂಡ ಕೇಳಿಸುವಷ್ಟು ಮೌನ. ಪರರ ಊರಿನಲ್ಲಿ ಗೆಲುವಿನ ಸದ್ದು ಹೀಗೇ ಇರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಗೆದ್ದು ಗೊತ್ತಿದ್ದರೆ ತಾನೆ.

ಸಿಂಗಾರಿ ತಲೆ ಹೊರಗೆ ತೆಗೆದಳು. "ಬಿತ್ತಾ?"

ಅಜ್ಜಿ ಅಗಿಯುವುದನ್ನು ನಿಲ್ಲಿಸಿದ್ದಳು. ಬಾಯಲ್ಲಿದ್ದ ಚಿಗುರನ್ನು ಉಗಿದು, ಬೇರೆ ಕೊಂಬೆಗೆ ಹೋದಳು. ಕೆಳಗೆ ಗೀಜಗ ಕೆರೆಯ ತಂಡದ ಕಡೆಗೆ ತಿರುಗಿ ರೆಕ್ಕೆ ಎತ್ತಿದ್ದ. ಮೊಲ, ಕಪ್ಪೆ, ಮುಂಗುಸಿ, ಆಮೆ ಎಲ್ಲ ಒಂದರ ಮೇಲೊಂದು ಗುಡ್ಡೆಯಾಗಿ ಬಿದ್ದಿದ್ದವು.

ಸಿಂಗಾರಿಗೆ ಅಷ್ಟು ಸಾಕಾಯಿತು. ಅಲ್ಲಿ ಒಂದು ಕ್ಷಣವೂ ನಿಲ್ಲದೆ ಕೆರೆಯ ಕಡೆಗೆ ಹಾರಿದಳು. ಈ ಸುದ್ದಿಯನ್ನು ಮೊದಲು ಹೇಳುವವಳು ತಾನೇ ಆಗಬೇಕಿತ್ತು.

"ಗೆದ್ದರು," ಎಂದಳು ಜಾಲಿ ಮರಕ್ಕೆ ಬಂದು ಬಿದ್ದು. "ಬಂಡೆಯ ಮೇಲೆ. ಮುಸುವಗಳ ಎದುರಿಗೆ. ಗೆದ್ದರು."

ಮೊದಲು ಯಾರೂ ನಂಬಲಿಲ್ಲ. "ಬಿಸಿಲಲ್ಲಿ ಹಾರಿ ಬಂದಿದ್ದಾಳೆ, ನೀರು ಕುಡಿಸಿ," ಎಂದಿತು ಒಂದು ನೀರುಕೋಳಿ. ಅವಳು ಆಣೆ ಹಾಕಿದ ಮೇಲೆ ನಂಬಿದರು. ನಂಬಿದ ಮೇಲೆ ಕೆರೆಯ ಏರಿಯೆಲ್ಲ ತುಂಬಿಹೋಯಿತು. ಮೀನುಗಳು ತಲೆ ಎತ್ತಿದವು. ಊರ ಹಿರಿಯ ಬೂದು ಕೊಕ್ಕರೆಯಣ್ಣನೂ ಒಂಟಿಕಾಲ ಧ್ಯಾನ ಬಿಟ್ಟು ಎರಡೂ ಕಾಲಿನ ಮೇಲೆ ನಿಂತ.

"ಕೊನೆಯದನ್ನು ಹಾಕಿದ್ದು ಯಾರು?" ಎಂದು ಕೇಳಿದ.

ನಾನು ನೋಡಲಿಲ್ಲ ಎನ್ನುವ ಮಾತು ಸಿಂಗಾರಿಯ ಕೊಕ್ಕಿನ ತುದಿಯವರೆಗೆ ಬಂದಿತ್ತು. ಆದರೆ ಅಷ್ಟು ಕಣ್ಣುಗಳು ಅವಳ ಕಡೆಗೆ ತಿರುಗಿದ್ದು ಅದೇ ಮೊದಲು. ಹರಟೆಮಲ್ಲ ಹಕ್ಕಿಗಳು ಯಾವಾಗಲೂ ಮಾತಾಡುತ್ತವೆ, ಯಾರೂ ಕಿವಿ ಕೊಡುವುದಿಲ್ಲ. ಅಲ್ಲದೆ ಚೆಂಡು ಇದ್ದದ್ದು ಕೆಂಚಪ್ಪನ ಕೈಯಲ್ಲೇ ಅಲ್ಲವೇ? ಅಷ್ಟನ್ನಂತೂ ಅವಳು ನೋಡಿದ್ದಳು.

"ಇನ್ಯಾರು, ಕೆಂಚಪ್ಪ," ಎಂದಳು.

"ಹೇಗೆ?"

"ಹೇಗೆ ಅಂದರೆ... ಮೂವರು ಮುಸುವಗಳು ಅಡ್ಡ ಬಂದವು. ಇವನು ಒಬ್ಬನ ಬೆನ್ನು ಹತ್ತಿದ, ಇನ್ನೊಬ್ಬನ ತಲೆ ಮೆಟ್ಟಿದ, ಅಲ್ಲಿಂದ ಹಾರಿದ. ಗಾಳಿಯಲ್ಲೇ ಒಂದು ಸುತ್ತು ತಿರುಗಿ ಹಾಕಿದ. ಕಣ್ಣಾರೆ ನೋಡಿದೆ."

ಏರಿಯ ಮೇಲೆ ಸಂಭ್ರಮವೋ ಸಂಭ್ರಮ. ನೀರುಕೋಳಿಗಳು ಕೆಂಚಪ್ಪನಿಗೆಂದು ನೈದಿಲೆ ಹೂವಿನ ಹಾರ ಹೆಣೆಯತೊಡಗಿದವು.

ಆಗ ನೀರಿನ ಅಂಚಿನಿಂದ ಒಂದು ಸಣ್ಣ ದನಿ ಕೇಳಿಸಿತು. "ನಮ್ಮ ನಿಂಗಿಯನ್ನ ಆಡಿಸಿದರೇನಮ್ಮ?" ಅದು ಕಲ್ಲಮ್ಮ, ನಿಂಗಿಯ ತಾಯಿ. ವಯಸ್ಸಾಗಿ ಕೆರೆಯ ಏರಿ ಹತ್ತುವುದೂ ಅವಳಿಗೆ ಆಗುತ್ತಿರಲಿಲ್ಲ.

ಸಿಂಗಾರಿಯ ಕತೆಯಲ್ಲಿ ನಿಂಗಿಗೆ ಜಾಗವೇ ಇರಲಿಲ್ಲ. ಒಂದು ಜಾಗ ಹುಡುಕಬೇಕಾಯಿತು.

"ನಿಂಗಿನಾ? ಮುಸುವಗಳು ಮೈಮೇಲೆ ಬಂದ ಕೂಡಲೇ ಚಿಪ್ಪಿನೊಳಗೆ ಹೋಗಿಬಿಟ್ಟಳು ಕಲ್ಲಮ್ಮ. ಪಾಪ, ಹೆದರಿಕೊಂಡಿರಬೇಕು."

ಎಲ್ಲರೂ ನಕ್ಕರು. ನಗಿಸಬೇಕೆಂದು ಅವಳು ಹೇಳಿದ್ದಲ್ಲ. ಆದರೆ ನಗು ಕೇಳಿ ಅವಳಿಗೆ ಹುರುಪು ಬಂತು. "ಆಟ ಮುಗಿಯೋವರೆಗೂ ಹೊರಗೆ ಬರಲೇ ಇಲ್ಲ," ಎಂದು ಸೇರಿಸಿದಳು.

"ನಾನು ಅವತ್ತೇ ಹೇಳಿದ್ದೆ," ಎಂದ ಕೊಕ್ಕರೆಯಣ್ಣ. "ಗೆಲ್ಲುವ ತಂಡದಲ್ಲಿ ಅಂಥವರು ಇರಬಾರದು. ಮುಂದಿನ ಪಂದ್ಯಕ್ಕೆ ಏಡಿ ಆಡಲಿ."

"ನನಗೆ ಅಡ್ಡಡ್ಡ ಓಡೋದು ಮಾತ್ರ ಬರುತ್ತೆ, ಅಣ್ಣ," ಎಂದಿತು ಏಡಿ.

"ಓಡೋದಾದರೂ ಬರುತ್ತಲ್ಲ."

ಮತ್ತೆ ನಗು. ಕಲ್ಲಮ್ಮ ನಗಲಿಲ್ಲ. "ಹೌದಾ," ಎಂದಷ್ಟೇ ಹೇಳಿ ನೀರಿಗೆ ಇಳಿದಳು. ಅವಳು ಮುಳುಗಿದ ಕಡೆ ನೀರಿನಲ್ಲಿ ಒಂದು ಬಳೆ ಅಗಲವಾಗುತ್ತಾ ಹೋದದ್ದನ್ನು ಸಿಂಗಾರಿ ನೋಡಿದಳು. ಅಷ್ಟರಲ್ಲಿ ಈಗಷ್ಟೇ ಬಂದ ಮಿಂಚುಳ್ಳಿಯೊಂದು, "ನನಗೆ ಮೊದಲಿನಿಂದ ಹೇಳು," ಎಂದಿತು. ಸಿಂಗಾರಿ ಮೊದಲಿನಿಂದ ಹೇಳಿದಳು. ಈ ಸಲ ಕೆಂಚಪ್ಪ ಗಾಳಿಯಲ್ಲಿ ಎರಡು ಸುತ್ತು ತಿರುಗಿದ.

ತಂಡ ಕೆರೆಗೆ ಬಂದು ತಲುಪಿದ್ದು ಮರುದಿನ ಸಂಜೆ. ಆಮೆಯ ಜೊತೆಗೆ ನಡೆದು ಬಂದದ್ದರಿಂದ ಅಷ್ಟು ಹೊತ್ತಾಗಿತ್ತು. ಅವಳನ್ನು ಬಿಟ್ಟು ಮುಂದೆ ಬರಲು ಯಾರೂ ಒಪ್ಪಿರಲಿಲ್ಲವಂತೆ. ಕೆಂಚಪ್ಪ ಮುಂದಿನ ಕಾಲು ಕುಂಟುತ್ತಿದ್ದ. ಏರಿ ಇಳಿಯುತ್ತಿದ್ದಂತೆಯೇ ನೀರುಕೋಳಿಗಳು ಅವನ ಕೊರಳಿಗೆ ಹಾರ ಹಾಕಿದವು.

"ಇದು ನನಗ್ಯಾಕೆ?" ಎಂದ ಅವನು.

"ಕೊನೆಯದನ್ನು ಹಾಕಿದವನು ನೀನಲ್ಲವೇನಪ್ಪ," ಎಂದ ಕೊಕ್ಕರೆಯಣ್ಣ.

"ನಾನಾ? ಒಬ್ಬ ದಡಿಯ ಬಂದು ಗುದ್ದಿದ ಏಟಿಗೆ ನಾನು ಮೂತಿ ಮಣ್ಣಿಗೆ ಕೊಟ್ಟು ಬಿದ್ದಿದ್ದೆ. ಕಾಲು ಉಳುಕಿದ್ದೂ ಆಗಲೇ. ಚೆಂಡು ಉರುಳಿ ನಿಂಗಿಯ ಹತ್ತಿರ ಹೋಗಿದೆ. ಹಾಕಿದ್ದು ನಿಂಗಿ."

"ನಮಗೂ ಕಾಣಲಿಲ್ಲ," ಎಂದಿತು ಕಪ್ಪೆಗಳಲ್ಲಿ ದೊಡ್ಡದು. "ಮುಂದೆ ಬರೀ ಬಾಲಗಳು. ಗೂಡಿನಿಂದ ಚೆಂಡು ಕೆಳಗೆ ಬಿದ್ದದ್ದು ಮಾತ್ರ ಕಂಡಿತು."

"ಗೀಜಗನೇ ಹೇಳಿದ, ಆಮೆಯದು ಅಂತ," ಎಂದಿತು ಮೊಲ.

ಕೆಂಚಪ್ಪ ಹಾರ ತೆಗೆದು ನಿಂಗಿಗೆ ಹಾಕಿದ. ಅದು ಚಿಪ್ಪಿನ ಮೇಲಿಂದ ಜಾರಿ ಒಂದು ಕಡೆ ನೇತಾಡಿತು. ಏಡಿ ಹತ್ತಿರ ಸರಿದು ಬಂದು, "ನೀನು ಚಿಪ್ಪೊಳಗೆ ಅಡಗಿದ್ದೆ ಅಂದರು. ನಿನ್ನ ಜಾಗಕ್ಕೆ ನನ್ನನ್ನ ಹಾಕಿದ್ದಾರೆ," ಎಂದಿತು.

ನಿಂಗಿ ಸುತ್ತ ನೋಡಿದಳು. "ಇಲ್ಲವಲ್ಲ," ಎಂದಳು ಮೆಲ್ಲಗೆ. "ನಾನು ಹೊರಗೇ ಇದ್ದೆ."

ಕೊಕ್ಕರೆಯಣ್ಣ ಕತ್ತು ತಿರುಗಿಸಿದ. ಉಳಿದವರೂ ತಿರುಗಿಸಿದರು. ಎಲ್ಲರ ಕಣ್ಣೂ ಜಾಲಿ ಮರದ ಕಡೆಗೆ. ಸಿಂಗಾರಿಯ ಪಕ್ಕದಲ್ಲಿ ಕೂತಿದ್ದ ಅಕ್ಕತಂಗಿಯರು ಒಬ್ಬೊಬ್ಬರೇ ಸ್ವಲ್ಪ ದೂರ ಸರಿದು ಕೂತರು.

"ಕಣ್ಣಾರೆ ನೋಡಿದೆ ಅಂದೆಯಲ್ಲ ಸಿಂಗಾರಿ," ಎಂದ ಕೊಕ್ಕರೆಯಣ್ಣ.

ಅವಳು ಉತ್ತರ ಕೊಡುವ ಮೊದಲೇ ನೀರು ಕಲಕಿತು. ಕಲ್ಲಮ್ಮ ದಡಕ್ಕೆ ಬಂದಿದ್ದಳು. ಮಗಳ ಮೂತಿಗೆ ತನ್ನ ಮೂತಿ ಒಮ್ಮೆ ತಾಗಿಸಿದಳು. ಆಮೇಲೆ ಕಷ್ಟಪಟ್ಟು ಕತ್ತು ಮೇಲೆತ್ತಿ ಸಿಂಗಾರಿಯನ್ನು ನೋಡಿದಳು.

"ಅವಳನ್ನ ಬೈಯಬೇಡಿ ಅಣ್ಣ," ಎಂದಳು. "ಅಷ್ಟು ಗದ್ದಲದಲ್ಲಿ ಹೆಸರು ತಪ್ಪಿ ಹೇಳಿದ್ದಾಳೆ, ಹೋಗಲಿ. ನಮ್ಮ ಪೈಕಿ ಮೇಲಿನಿಂದ ನೋಡಿದವಳು ಅವಳೊಬ್ಬಳೇ."

ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದಳು.

"ಇವಳನ್ನ ಕೇಳಿದರೆ 'ಎಸೆದೆ ಅಮ್ಮ, ಬಿತ್ತು' ಅಂತಾಳೆ, ಅಷ್ಟೇ. ಹುಟ್ಟಿದಾಗಿನಿಂದ ಇವಳ ಮಾತೇ ಅಷ್ಟು. ನಾನಂತೂ ಆ ಬಂಡೆ ಹತ್ತಿ ನೋಡೋಳಲ್ಲ. ಸಿಂಗಾರಿ, ನಿನ್ನೆ ಅಷ್ಟು ಚೆನ್ನಾಗಿ ಹೇಳಿದೆಯಲ್ಲಮ್ಮ. ಈಗ ಇವಳ ಹೆಸರಿಟ್ಟು ಇನ್ನೊಂದು ಸಲ ಹೇಳು. ನಿಧಾನವಾಗಿ ಹೇಳು. ನನ್ನ ಮಗಳು ಚೆಂಡನ್ನು ಹೇಗೆ ಎಸೆದಳು?"

ನೀತಿ: ಕಾಣದ್ದನ್ನು ಕಂಡಂತೆ ಹೇಳಬೇಡಿ, ನಾವು ಸುಳ್ಳಿನಿಂದ ತುಂಬುವ ಜಾಗದಲ್ಲಿ ಬೇರೊಬ್ಬರ ಶ್ರಮ ಇರುತ್ತದೆ.