ಕಾಲು ಕೊಡಲೊಲ್ಲದ ಕೊಕ್ಕರೆ

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ಪುಟ್ಟ ಚರ್ಚ್. ಅದರ ಹಿಂದೆ ಒಂದು ಕೊಳ. ಆ ಕೊಳದಲ್ಲಿ ಧವಳ ಎಂಬ ಬಿಳಿ ಕೊಕ್ಕರೆಯ ವಾಸ. ತನ್ನಷ್ಟು ವಿನಯವಂತ ಸುತ್ತಮುತ್ತ ಯಾರೂ ಇಲ್ಲ ಎಂಬುದು ಧವಳನ ಗಟ್ಟಿ ನಂಬಿಕೆ!

"ನಾನೇನು ಮಹಾ? ಹುಲ್ಲಿಗಿಂತಲೂ ಕಡೆ" ಎಂದು ಎದುರಾದವರಿಗೆಲ್ಲ ಹೇಳುವನು. "ಛೆ ಛೆ, ಹಾಗನ್ನಬೇಡಿ ಧವಳಣ್ಣ" ಎಂದು ಅವರು ಹೇಳುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಒಮ್ಮೆ ಆಮೆಜ್ಜ ಯಾವುದೋ ಯೋಚನೆಯಲ್ಲಿ "ಹೌದಪ್ಪ" ಎಂದುಬಿಟ್ಟ. ಧವಳ ಎಂಟು ದಿನ ಅವನ ಜೊತೆ ಮಾತು ಬಿಟ್ಟಿದ್ದ.

ಪವಿತ್ರ ಗುರುವಾರದ ಸಂಜೆ ಧವಳ ಚರ್ಚಿನ ಕಿಟಕಿಯ ಮೇಲೆ ಕೂತು ಒಳಗೆ ಇಣುಕಿದ. ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಹನ್ನೆರಡು ಮಂದಿಯ ಕಾಲು ತೊಳೆಯುವ ವಾಡಿಕೆ. ವಯಸ್ಸಾದ ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿ, ಮೊಣಕಾಲೂರಿ, ಬಿರುಕುಬಿಟ್ಟ ಪಾದಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಮುತ್ತಿಟ್ಟರು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಧವಳನಿಗೂ ಮೈ ಜುಮ್ಮೆಂದಿತು. ಆದರೆ ಅವನು ಪಾದಗಳಿಗಿಂತ ಹೆಚ್ಚಾಗಿ ನೋಡಿದ್ದು ಆ ಜನರನ್ನೇ.

"ನಾಳೆ ನಾನೂ ಹನ್ನೆರಡು ಜನರ ಕಾಲು ತೊಳೆಯುತ್ತೇನೆ!" ಎಂದು ಕೊಳಕ್ಕೆಲ್ಲ ಸಾರಿದ.

ಬೆಳಗಾಯಿತು. ಬಾತುಗಳು, ನೀರುಕೋಳಿಗಳು, ಆಮೆಜ್ಜ, ಹೀಗೆ ಸದಾ ನೀರಲ್ಲೇ ಇರುವವರನ್ನು ಹುಡುಕಿ ಹುಡುಕಿ ಸಾಲಾಗಿ ಕೂರಿಸಿದ. ಕೊಳೆಯೇ ಇಲ್ಲದ ಕಾಲು ತೊಳೆಯುವುದು ಎಷ್ಟು ಸುಲಭ ನೋಡಿ!

ಅಷ್ಟರಲ್ಲಿ ಒಂದು ಹೆಣ್ಣು ಹೆಗ್ಗಣ ಬಂದಳು. ಚರ್ಚಿನ ನೆಲದಡಿಯ ಬಿಲದಲ್ಲಿ ಇರುವವಳು. ಮೈತುಂಬ ಚರಂಡಿಯ ಕೆಸರು.

"ಧವಳಣ್ಣ, ನನ್ನ ಕಾಲನ್ನೂ ತೊಳೀತೀರಾ?"

"ಹನ್ನೆರಡು ಜನ ಆಯಿತಮ್ಮ. ಸ್ವಲ್ಪ ದೂರ ನಿಲ್ಲು, ದೂರ!"

ಸಾಲಿನಲ್ಲಿ ಇದ್ದದ್ದು ಹನ್ನೊಂದೇ ಮಂದಿ. ಅವಳು ದಡದ ಪೊದೆಯ ಪಕ್ಕ ಹೋಗಿ ಕೂತಳು.

ಧವಳ ಶುರುಮಾಡಿದ. ಒಂದೊಂದು ಕಾಲಿಗೆ ನೀರು ಚಿಮುಕಿಸಿದಾಗಲೂ, "ಎಷ್ಟು ಬಾಗಿದ್ದೇನೆ, ನೋಡಿದಿರಾ?" ಎಂದು ಕೇಳುವನು. ಇನ್ನೂ ಚೆನ್ನಾಗಿ ಬಾಗಿ ತೋರಿಸಲು ಹಿಂದಕ್ಕೆ ಹಿಂದಕ್ಕೆ ಸರಿದ. ಕೆಸರಿನಲ್ಲಿ ಯಾರೋ ಬಿಸಾಡಿದ್ದ ಗಾಳದ ದಾರ ಕಾಲಿಗೆ ಸುತ್ತಿಕೊಂಡಿತು. ಎಳೆದ. ಬಿಗಿಯಿತು. ಇನ್ನಷ್ಟು ಎಳೆದ. ಚರ್ಮ ಕತ್ತರಿಸಿತು. ದಾರದ ಇನ್ನೊಂದು ತುದಿ ಮುಳುಗಿದ ಮರದ ದಿಮ್ಮಿಗೆ ಸಿಕ್ಕಿತ್ತು.

ಕಾಲು ತೊಳೆಯುವ ದೊಡ್ಡ ಮನುಷ್ಯ "ಕಾಪಾಡಿ" ಎಂದು ಕೂಗುವುದುಂಟೇ? ಹಲ್ಲಿಲ್ಲದಿದ್ದರೂ ಹಲ್ಲು ಕಚ್ಚಿ ನಿಂತ.

ಬಿಸಿಲೇರಿತು. "ಯಾಕಪ್ಪ, ಇನ್ನೂ ಅಲ್ಲೇ ನಿಂತಿದ್ದೀ?" ಎಂದ ಆಮೆಜ್ಜ.

"ಪ್ರಾರ್ಥನೆ ಮಾಡ್ತಿದ್ದೀನಿ."

ಮಧ್ಯಾಹ್ನದ ಹೊತ್ತಿಗೆ ಕಾಲು ಊದಿ ಕಪ್ಪಾಯಿತು. ಧವಳ ತತ್ತರಿಸಿ ನೀರಿಗೆ ಕುಸಿದ. ಗುಟ್ಟು ರಟ್ಟಾಯಿತು. ಬಾತುಗಳು ಕೊಕ್ಕಿನಿಂದ ಜಗ್ಗಿ ಸೋತವು. "ದಾರ ತುಂಡಾಗದಿದ್ದರೆ ಈ ಕಾಲು ಉಳಿಯಲ್ಲ" ಎಂದ ಆಮೆಜ್ಜ.

ಆಗ ಹೆಗ್ಗಣ ನೀರಿಗಿಳಿದಳು. "ನನ್ನ ಹಲ್ಲಿಗೆ ಇದು ತುಂಡಾಗುತ್ತೆ. ಮೊದಲು ಕೆಸರು ತೊಳೀಬೇಕು. ಕಾಲು ಕೊಡಿ ಅಣ್ಣ."

"ನೀನು ನನ್ನ ಕಾಲು ಮುಟ್ಟುವುದೇ? ಇಷ್ಟು ಜನರ ಮುಂದೆ? ಬೇಡ! ನಾನು ತೊಳೆಯುವವನು, ತೊಳೆಸಿಕೊಳ್ಳುವವನಲ್ಲ!"

ಅವಳಿಗೆ ಸಿಟ್ಟು ಬರಲಿಲ್ಲ. ಮೆಲ್ಲಗೆ ಹೇಳಿದಳು: "ನಾನು ಚರ್ಚಿನ ಕೆಳಗೇ ಇರೋದಲ್ವಾ, ಫಾದರ್ ಹೇಳೋದೆಲ್ಲ ಕೇಳಿಸುತ್ತೆ. ಊರೆಲ್ಲ ಪಾಪಿ ಅಂತ ದೂರ ಇಟ್ಟಿದ್ದ ಹೆಂಗಸೊಬ್ಬಳು ಅಳುತ್ತಾ ಯೇಸುಸ್ವಾಮಿಯ ಪಾದ ತೊಳೆದಳಂತೆ. ಸ್ವಾಮಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲವಂತೆ. ಇಷ್ಟು ದೊಡ್ಡ ಆಕಾಶ ಮಾಡಿದವರೇ ಕಾಲು ಕೊಟ್ಟರು. ನೀವು ಕೊಡಲ್ವಾ?"

ಧವಳ ಮೇಲೆ ನೋಡಿದ. ಕೊನೆಮೊದಲಿಲ್ಲದ ಆಕಾಶ. ಅದನ್ನು ಮಾಡಿದವನು ಒಬ್ಬ ಬಡ ಹೆಂಗಸಿನ ಮುಂದೆ ಸುಮ್ಮನೆ ಪಾದ ಚಾಚಿ ಕೂತಿದ್ದನೇ! ದೇವರು ಅಷ್ಟು ಕೆಳಗಿಳಿದಿದ್ದನೇ! ಅವನಿಗೆ ಭಯವಾಯಿತು, ಆನಂದವೂ ಆಯಿತು. ಕಾಲು ಮುಂದಕ್ಕೆ ಚಾಚಿದ.

ಅವಳು ಬೊಗಸೆ ಬೊಗಸೆ ನೀರು ಹಾಕಿ ಮಗುವಿನ ಕಾಲನ್ನು ತೊಳೆದಂತೆ ತೊಳೆದಳು. ಗಂಟು ಹುಡುಕಿ ಕಚ್ಚಿದಳು. ಯಾರೂ ಒಂದು ರೆಕ್ಕೆಯನ್ನೂ ಅಲುಗಿಸಲಿಲ್ಲ. ಕಟ್! ದಾರ ಕಳಚಿ ಬಿತ್ತು.

ಧವಳ ಹಾರಿಹೋಗಲಿಲ್ಲ. ಯಾರು ನೋಡುತ್ತಿದ್ದಾರೆ ಎಂದು ಸುತ್ತ ಕಣ್ಣಾಡಿಸಲೂ ಇಲ್ಲ.

"ಇಷ್ಟು ವರ್ಷ ನೀನು ಪಕ್ಕದಲ್ಲೇ ಇದ್ದೆ. ನಿನ್ನ ಹೆಸರೇನು ತಾಯಿ?" ಎಂದು ಕೇಳಿದ.

"ಕರಿಯವ್ವ" ಎಂದಳು ಹೆಗ್ಗಣ. ಅವಳ ಹೆಸರನ್ನು ಆ ಕೊಳದಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು.

ನೀತಿ: ಸೇವೆ ಮಾಡುವವನ ಎದೆಯಲ್ಲೂ ಗರ್ವ ಅಡಗಿರಬಹುದು, ತಾನು ಕೀಳೆಂದು ದೂರವಿಟ್ಟವರ ಸೇವೆಯನ್ನೂ ತಲೆಬಾಗಿ ಪಡೆಯಬಲ್ಲವನೇ ನಿಜವಾದ ದೀನ.