ಸೇತುವೆಯ ನಡುವೆ ನಿಂತ ಮಣ್ಣಿನ ಮುದುಕ

ವರದಾ ನದಿಯ ದಂಡೆಯ ಒಂದು ಆಶ್ರಮದಲ್ಲಿ ಅಂದಾನಯ್ಯನವರು ಮಣ್ಣಿನ ಬೊಂಬೆಗಳನ್ನು ನಡೆಸುವ ವಿದ್ಯೆ ಕಲಿಸುತ್ತಿದ್ದರು.

ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಬೇಕು. ಕೈ ಹಿಂದಕ್ಕೆ ತೆಗೆಯಬೇಕು. ಒಂದು ಚಿತ್ರ ಹಿಡಿಯಬೇಕು. ಮತ್ತೆ ಸರಿಸಬೇಕು, ಮತ್ತೆ ಕೈ ತೆಗೆಯಬೇಕು, ಮತ್ತೆ ಹಿಡಿಯಬೇಕು. ಹಾಗೆ ಹಿಡಿದ ಚಿತ್ರಗಳನ್ನು ಒಂದರ ಬೆನ್ನಿಗೆ ಒಂದು ಓಡಿಸಿದರೆ, ಯಾರ ಆಸರೆಯೂ ಇಲ್ಲದೆ ಬೊಂಬೆ ತಾನಾಗಿ ಹೆಜ್ಜೆ ಹಾಕುತ್ತದೆ. ಪೇಟೆಯವರು ಇದನ್ನು ಸ್ಟಾಪ್ ಮೋಷನ್ ಎನ್ನುತ್ತಾರೆ. ಆಶ್ರಮದಲ್ಲಿ ಇದಕ್ಕೆ ನಡೆಸುವುದು ಎಂದಷ್ಟೇ ಹೆಸರು.

ಶಿಷ್ಯರೆಲ್ಲ ಎಳೆಯ ಪ್ರಾಯದವರು. ಗುರುಗಳನ್ನು ಅಜ್ಜಾರು ಎಂದು ಕರೆಯುತ್ತಿದ್ದರು. ಕ್ಯಾಮೆರಾವನ್ನು ಕಣ್ಣು ಎನ್ನುತ್ತಿದ್ದರು.

ಅಲ್ಲಿಯ ಕೆಲಸ ಇಬ್ಬಿಬ್ಬರದು. ಒಬ್ಬರು ಬೊಂಬೆ ನಡೆಸಿದರೆ ಇನ್ನೊಬ್ಬರು ಕಣ್ಣು ಕಾಯಬೇಕು. ನಡೆಸುವವರು ಬೊಂಬೆಯನ್ನು ಸರಿಸಿ, "ಕೈ ಹೊರಗ" ಎನ್ನಬೇಕು. ಕಾಯುವವರು "ಹೊರಗ" ಎಂದು ಮರುನುಡಿದು, ಕಣ್ಣಿಗೆ ತಂತಿಯಿಂದ ಜೋಡಿಸಿದ ಗುಂಡಿ ಒತ್ತಬೇಕು.

ಕಣ್ಣು ಒಂದು ಎಳೆಯಷ್ಟು ಕದಲಿದರೂ ಚಿತ್ರದೊಳಗಿನ ಲೋಕವೆಲ್ಲ ಎಗರಿಬೀಳುತ್ತದೆ. ಆದ್ದರಿಂದ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಕಣ್ಣು ಮುಟ್ಟಿದ ನಡೆಸುಗಾರರು, ನದಿಯು ಮುಂದಿನ ಮಳೆಗೆ ಹೊಸ ಮಣ್ಣು ತರುವವರೆಗೂ ಬೊಂಬೆ ಮುಟ್ಟುವಂತಿಲ್ಲ. ಕಣ್ಣು ಕದಲಗೊಟ್ಟ ಕಾವಲಿಗರು ಅಷ್ಟು ಕಾಲವೂ ಕಣ್ಣಿನ ಹತ್ತಿರ ಸುಳಿಯುವಂತಿಲ್ಲ.

ಶಿವಲೀಲಾ ನೇಕಾರರ ಮನೆಯ ಹುಡುಗಿ. ಬಂದಂದಿನಿಂದ ಮಣ್ಣು ನಾದಿದ್ದಳು, ಸೋಸಿದ್ದಳು, ಒದ್ದೆ ಬಟ್ಟೆ ಹಿಂಡಿದ್ದಳು. ಬೇರೆಯವರ ಬೊಂಬೆಗಳು ನಡೆಯುವುದನ್ನು ಮೂಲೆಯಲ್ಲಿ ನಿಂತು ನೋಡಿದ್ದಳು. ಆ ದಿನ ಬೆಳಿಗ್ಗೆ ಗುರುಗಳು ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಬೊಂಬೆಯನ್ನು ತಂದು ಅವಳ ಅಂಗೈಯಲ್ಲಿ ಇಟ್ಟರು.

"ಇವತ್ತ ಇವ್ನ ನೀ ದಾಟಸಬೇಕು," ಎಂದರು.

ಅದು ಒಬ್ಬ ಮುದುಕನ ಬೊಂಬೆ. ಶಿಷ್ಯರೆಲ್ಲ ಕೂಡಿ ಕಟ್ಟಿದ ಕಥೆಯಲ್ಲಿ, ಹೊಳೆಯ ಈ ದಂಡೆಯ ಅಣ್ಣನೂ ಆ ದಂಡೆಯ ತಂಗಿಯೂ ಬಹುಕಾಲದಿಂದ ಮಾತು ಬಿಟ್ಟಿದ್ದರು. ಕಡೆಗೊಂದು ದಿನ ಅಣ್ಣ ಬಿದಿರಿನ ಸೇತುವೆ ದಾಟಿ ತಂಗಿಯ ಮನೆಗೆ ಹೊರಡುತ್ತಾನೆ. ಉಳಿದುದೆಲ್ಲ ಮುಗಿದಿತ್ತು. ಮುದುಕ ಸೇತುವೆ ದಾಟುವುದೊಂದೇ ಬಾಕಿ.

ಬೊಂಬೆ ಹಸಿಮಣ್ಣಿನದು. ಬಟ್ಟೆಯಿಂದ ಹೊರಗೆ ತೆಗೆದೊಡನೆ ಒಣಗತೊಡಗುತ್ತದೆ. ದೀಪದ ಕಾವಿಗೆ ಸಂಜೆಯೊಳಗೆ ಮೊಣಕಾಲು ಬಿರಿಯುತ್ತದೆ. ಆ ವರ್ಷದ ಮಣ್ಣು ಅಷ್ಟಕ್ಕೇ ತೀರಿತ್ತು. ಮುದುಕ ದಾಟಿದರೆ ಅಂದೇ ದಾಟಬೇಕು. ಇಲ್ಲವಾದರೆ ಕಥೆ ಅಲ್ಲಿಗೇ ನಿಲ್ಲುತ್ತದೆ.

ಕಿಟಕಿಗಳಿಗೆ ಕಂಬಳಿ ಕಟ್ಟಿದರು. ದೀಪಗಳನ್ನು ಹೊತ್ತಿಸಿದರು. ದೀಪದ ಹೊಣೆ ಹಿರಿಯ ಶಿಷ್ಯ ಗದಿಗೆಯ್ಯನದು, ಕಣ್ಣು ಕಾಯುವ ಹೊಣೆ ಮೌನೇಶನದು. ಗುರುಗಳು ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ತಮ್ಮ ಕಣ್ಣು ಮುಚ್ಚಿದರು.

"ಕೈ ಹೊರಗ."

"ಹೊರಗ."

ಶಿವಲೀಲಾ ಮುದುಕನ ಹಿಮ್ಮಡಿಯನ್ನು ಎಳ್ಳಿನಷ್ಟು ಎತ್ತಿದಳು. ಸೊಂಟವನ್ನು ಒಂದಿಷ್ಟು ಮುಂದಕ್ಕೆ ಬಾಗಿಸಿದಳು.

"ಕೈ ಹೊರಗ."

"ಹೊರಗ. ಬೆನ್ನು ಹಿಡಕೊಂಡಿಯಲ್ಲ, ನೋವು ನಿನಗೋ, ನಿನ್ನ ಮುದುಕಗೋ?" ಎಂದು ಮೌನೇಶ ಕೇಳಿದ.

"ಇಬ್ಬರಿಗೂ. ನೀ ಒತ್ತು."

"ಒತ್ತೀನವಾ. ಮುದುಕಗ ಹೇಳು, ಸ್ವಲ್ಪ ಲಗೂ ನಡಿ ಅಂತ. ನನಗ ಹೊಟ್ಟಿ ಹಸದೈತಿ."

"ಮಾತ ಕಡಿಮಿ," ಎಂದ ಗದಿಗೆಯ್ಯ ದೀಪದ ಬದಿಯಿಂದ.

ಹೊತ್ತು ಏರಿತು. ಮುದುಕ ಸೇತುವೆಯ ನಡುವಿಗೆ ಬಂದ. ಆಚೆ ದಂಡೆಯಲ್ಲಿ ತಂಗಿಯ ಬೊಂಬೆ ಹೊಸ್ತಿಲ ಮೇಲೆ ಕೂತು ಕಾಯುತ್ತಿತ್ತು.

ಮಣ್ಣಿಗೆ ತೇವ ಕೊಡುವ ಬಟ್ಟೆ ಒಣಗಿತ್ತು. ಮೌನೇಶ ಅದನ್ನು ನೆನೆಸಿಕೊಂಡು ಬರಲು ನೀರಿನ ಹರವಿಯ ಕಡೆಗೆ ಹೋದ. ಗದಿಗೆಯ್ಯ ಆಚೆಗೆ ತಿರುಗಿ ದೀಪದ ಬಿಳಿಯ ಪರದೆಯನ್ನು ಸರಿಪಡಿಸುತ್ತಿದ್ದ.

ಶಿವಲೀಲಾಳಿಗೆ ಒಂದು ಸಂಶಯ ಮುಂಜಾನೆಯಿಂದ ಕೊರೆಯುತ್ತಿತ್ತು. ತಾನು ಸರಿಸುತ್ತಿರುವುದು ಮಣ್ಣನ್ನೋ, ಮುದುಕನನ್ನೋ? ಅವನು ನಿಜವಾಗಿ ನಡೆಯುತ್ತಿರುವನೋ, ಇಲ್ಲವೋ? ನಡೆಸುವವರು ಕೆಲಸ ಮುಗಿಯುವವರೆಗೆ ಹಿಡಿದ ಚಿತ್ರಗಳನ್ನು ನೋಡುವಂತಿಲ್ಲ. ನೋಡಿದರೆ ಬೆರಳುಗಳು ತಮ್ಮ ಕೆಲಸಕ್ಕೆ ತಾವೇ ಮರುಳಾಗುತ್ತವೆ ಎಂದು ಗುರುಗಳು ಹೇಳುತ್ತಿದ್ದರು.

ಅವಳು ಸೇತುವೆಯಿದ್ದ ಗಿಡ್ಡ ಮೇಜನ್ನು ಸುತ್ತಿ ಕಣ್ಣಿನ ಹಿಂದೆ ಬಂದು ನಿಂತಳು. ಹಿಡಿದಿದ್ದ ಚಿತ್ರಗಳನ್ನು ಅದರ ಬೆನ್ನಿನ ಪುಟ್ಟ ತೆರೆಯ ಮೇಲೆ ಓಡಿಸಿದಳು.

ಮುದುಕ ನಡೆದ.

ಹಿಂದಕ್ಕೆ ಸರಿಯುವಾಗ ಅವಳ ಮೊಣಕಾಲು ಕಣ್ಣನ್ನು ನಿಲ್ಲಿಸಿದ್ದ ಮುಕ್ಕಾಲಿಗೆ ತಾಗಿತು. ಸದ್ದಾಗಲಿಲ್ಲ. ಮುಕ್ಕಾಲಿ ನೆಲದ ಮೇಲೆ ತುಸುವೇ ಜರುಗಿತು.

ಶಿವಲೀಲಾ ಎರಡೂ ಕೈಗಳಿಂದ ಮುಕ್ಕಾಲಿಯನ್ನು ಹಿಡಿದು, ಅಂದಾಜಿನ ಮೇಲೆ ಹಿಂದಿನ ಜಾಗಕ್ಕೆ ತಳ್ಳಿದಳು. ಯಾರೂ ನೋಡಲಿಲ್ಲ. ಗುರುಗಳು ಕಣ್ಣು ಮುಚ್ಚಿಯೇ ಇದ್ದರು.

ಮೌನೇಶ ಒದ್ದೆ ಬಟ್ಟೆ ತಂದು ಕೊಟ್ಟ.

"ಯಾಕ, ಮಾರಿ ಬಿಳಚೇತಿ?"

"ಏನಿಲ್ಲ. ಕೈ ಹೊರಗ."

"ಹೊರಗ."

ಒಂದು ಚಿತ್ರವಾಯಿತು. ಇನ್ನೊಂದಾಯಿತು. ಅವಳ ಬೆರಳುಗಳು ಮುದುಕನ ಕಾಲನ್ನು ಹಿಡಿದಿದ್ದವು, ಕಿವಿಗಳು ಮೌನೇಶನ ಉಸಿರನ್ನು ಹಿಡಿದಿದ್ದವು. ಪ್ರತಿ ಸಲ ಅವನು "ಹೊರಗ" ಎಂದಾಗ ಅವಳಿಗೆ ಒಂದು ಗಂಡಾಂತರ ಕಳೆದಂತಾಗುತ್ತಿತ್ತು. ಆದರೂ ಮತ್ತೆ ಕೈ ಚಾಚುವುದರೊಳಗೆ ಹೊಸದೊಂದು ಬಂದು ಎದುರು ನಿಲ್ಲುತ್ತಿತ್ತು.

"ಕೈ ಹೊರಗ."

ಮರುನುಡಿ ಬರಲಿಲ್ಲ.

"ಕೈ ಹೊರಗ, ಮೌನೇಶ."

"ತಡಿ," ಎಂದ ಮೌನೇಶ.

ಕಣ್ಣಿನ ತೆರೆಯ ಮೇಲೆ, ಸೇತುವೆಯ ಕಂಬದ ತುದಿಗೆ ನೇರವಾಗಿ, ಅವನು ಗುರುತಿಗೆಂದು ಕಾಗದದ ಚೂರೊಂದನ್ನು ಅಂಟಿಸಿದ್ದ. ಈಗ ಕಂಬದ ತುದಿ ಆ ಚೂರಿನ ಪಕ್ಕಕ್ಕೆ ಸರಿದಿತ್ತು. ಅವನು ಬಗ್ಗಿ ಮತ್ತೆ ಮತ್ತೆ ನೋಡಿದ.

ಗದಿಗೆಯ್ಯ ಬಂದು ಇಣುಕಿದ. ಅವನ ಮುಖ ಗಂಟಿಕ್ಕಿತು.

"ಕಣ್ಣು ಕದಲೇತಿ. ತಿರುಪು ಬಿಗಿ ಮಾಡಿದ್ದೇನಲೇ?"

"ಮಾಡಿದ್ದೆ."

"ಖರೇನ?"

ಮೌನೇಶ ತಿರುಪನ್ನು ಮುಟ್ಟಿ ನೋಡಿದ. ಅದು ಬಿಗಿಯಾಗಿಯೇ ಇತ್ತು. ಆದರೂ ಅವನ ದನಿ ಅಲುಗಿತು.

"ಮಾಡೀನಿ ಅಂತ ಅನ್ಕೊಂಡೀನಿ. ನೀರಿಗೆ ಹೋಗೋ ಗಡಬಡಿಯೊಳಗ ನನ್ನ ಕಾಲರ ತಾಗಿತೋ ಏನೋ. ನೆನಪಾಗವಲ್ದು."

"ಹೊಟ್ಟಿ ಹಸದೈತಿ, ಹೊಟ್ಟಿ ಹಸದೈತಿ ಅಂತಿದ್ದಿ. ಈಗ ತುಂಬಿತೇನು?"

ಮೌನೇಶ ತಮಾಷೆಯ ಹುಡುಗ. ಯಾರೇ ಬೈದರೂ ಒಂದು ಎದುರುಮಾತು ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈ ಸಲ ಮಾತ್ರ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ಮೆಲ್ಲಗೆ ತೆಗೆದು, ಕಣ್ಣಿನಿಂದ ಹಿಂದೆ ಸರಿದು ನಿಂತ.

ಶಿವಲೀಲಾ ಮುದುಕನನ್ನು ನೋಡಿದಳು. ಅವನ ಮೊಣಕಾಲಿನಲ್ಲಿ ಕೂದಲಿನಂಥ ಬಿರುಕು ಕಾಣಿಸಿಕೊಂಡಿತ್ತು. ಅವಳು ಒದ್ದೆ ಬೆರಳಿನಿಂದ ಅದನ್ನು ಸವರಿದಳು.

ಬಾಯಿ ಬಿಟ್ಟರೆ ಈ ಮುದುಕ ಇನ್ನು ಅವಳವನಲ್ಲ. ಮತ್ತೆ ಒದ್ದೆ ಬಟ್ಟೆ ಹಿಂಡಬೇಕು, ಮತ್ತೆ ಮೂಲೆಯಲ್ಲಿ ನಿಲ್ಲಬೇಕು. ಬಾಯಿ ಬಿಡದಿದ್ದರೆ ಮೌನೇಶ ಹೊರಗೆ ಹೋಗುತ್ತಾನೆ. ಅದೂ ಅವಳ ಮೇಲೆ ಒಂದಿನಿತೂ ಸಂಶಯವಿಲ್ಲದೆ, ತನ್ನ ಕಾಲನ್ನೇ ಬೈದುಕೊಳ್ಳುತ್ತ ಹೋಗುತ್ತಾನೆ.

"ಮೌನೇಶ," ಎಂದಳು. "ಮೌನೇಶ, ಅದು ನಿನ್ನ ಕಾಲಲ್ಲ. ನನ್ನ ಮೊಣಕಾಲು."

ಇಬ್ಬರೂ ಅವಳ ಕಡೆಗೆ ತಿರುಗಿದರು.

"ನೀ ನೀರಿಗೆ ಹೋದಾಗ ಈ ಕಡೆ ಬಂದಿದ್ದೆ. ತಾಗಿತು. ಮತ್ತ ನಾನ ಹಿಂದಕ ತಳ್ಳಿದೆ. ಹೇಳಲಿಲ್ಲ."

"ಹೇಳದ ಹಂಗ ಮತ್ತ ಚಿತ್ರ ಹಿಡಸಿದಿ?" ಎಂದ ಗದಿಗೆಯ್ಯ.

"ಹೌದು."

ಮೌನೇಶ ಅವಳನ್ನು ದಿಟ್ಟಿಸಿದ. ಅವನ ಕಣ್ಣಿನಲ್ಲಿ ಸಿಟ್ಟಿತ್ತು. ಅದರ ಹಿಂದೆಯೇ ನಿರಾಳವೂ ಇತ್ತು, ಮತ್ತು ನಿರಾಳವಾದುದಕ್ಕೆ ನಾಚಿಕೆಯೂ ಇತ್ತು.

ಬಾಗಿಲ ಪಕ್ಕದಿಂದ ಗುರುಗಳ ಮಾತು ಕೇಳಿಸಿತು. ಅವರು ಕಣ್ಣು ತೆರೆದಿದ್ದರು.

"ಈ ಕಡೆ ಯಾಕ ಬಂದಿ?"

"ನೋಡಾಕ, ಅಜ್ಜಾರ."

"ಏನ ನೋಡಾಕ?"

"ಅಂವ ನಡೀತಾನೋ ಇಲ್ಲೋ ಅಂತ."

"ನಡದನೇನು?"

ಶಿವಲೀಲಾ ತಲೆ ತಗ್ಗಿಸಿದಳು. "ನಡದಾ, ಅಜ್ಜಾರ."

"ಹೆಂಗ ನಡದಾ?"

ಅವಳು ಮುದುಕನ ಕಡೆಗೆ ನೋಡಿದಳು. "ಹೋಗಾಕ ಮನಸ್ಸಿಲ್ಲದವರು ಹೊಂಟಹಂಗ. ಹೋಗದಿದ್ರ ನಿದ್ದಿ ಬರಾಂಗಿಲ್ಲ, ಅದಕ್ಕ ಹೊಂಟಹಂಗ."



"ಅಜ್ಜಾರ," ಎಂದ ಗದಿಗೆಯ್ಯ, "ಮಣ್ಣು ಒಣಗಾಕ ಹತ್ತೇತಿ. ಕಟ್ಟಳಿ ಎಲ್ಲರಿಗೂ ಒಂದ. ಕಣ್ಣು ಮುಟ್ಟಿದಾಕಿ ಬೊಂಬಿ ಮುಟ್ಟಬಾರದು. ಈಕಿ ಬದಿಗೆ ಸರೀಲಿ. ಉಳಿದ ದಾರಿ ನಾ ನಡಸ್ತೀನಿ."

ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಕಟ್ಟಳೆಯನ್ನು ಅವನು ತನ್ನ ಮೇಲೆಯೂ ಹಾಗೆಯೇ ಹೇರಿಕೊಂಡವನು. ಶಿವಲೀಲಾ ಬೊಂಬೆಯಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು.

"ನಡಸು," ಎಂದರು ಗುರುಗಳು.

ಗದಿಗೆಯ್ಯ ಸೇತುವೆಯ ಮುಂದೆ ಮಂಡಿಯೂರಿದ. ಕೈ ಚಾಚಿದ. ಬೆರಳು ಮುದುಕನ ಸೊಂಟದ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು.

"ಭಾರ ಯಾವ ಕಾಲಿನ ಮ್ಯಾಲೈತಿ?" ಎಂದು ಕೇಳಿದರು ಗುರುಗಳು.

ಗದಿಗೆಯ್ಯ ಬೊಂಬೆಯನ್ನು ಆ ಬದಿಯಿಂದಲೂ ಈ ಬದಿಯಿಂದಲೂ ನೋಡಿದ. ಎರಡು ಪಾದಗಳೂ ಬಿದಿರಿನ ಮೇಲೆ ಇದ್ದವು.

"ಗೊತ್ತಾಗವಲ್ದ್ರಿ."

"ಎಡಗಾಲಿನ ಮ್ಯಾಲ," ಎಂದಳು ಶಿವಲೀಲಾ, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಬಲಗಾಲು ಎತ್ತಬೇಕಂತ ಮಾಡ್ಯಾನ. ಇನ್ನೂ ಎತ್ತಿಲ್ಲ."

ಗದಿಗೆಯ್ಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅವನ ಹಣೆಯಲ್ಲಿ ಬೆವರು ಮೂಡಿತ್ತು.

"ಭಾರ ಆಕಿಗೆ ಗೊತ್ತೈತ್ರಿ, ಖರೆ," ಎಂದ. "ಆದ್ರ ಕಟ್ಟಳಿ ಮುರದು ಈಕಿ ನಡಸಿದ್ರೂ ಏನ ಬಂತು? ಲೋಕ ಒಮ್ಮೆ ಎಗರೇತಿ. ನೋಡಿದವರೆಲ್ಲ ನಗತಾರ. ಕೆಟ್ಟದ್ದು ಕೆಟ್ಟಂಗ."

"ಈಗ ಬಿಟ್ಟರ ಮಣ್ಣಿಲ್ಲ. ನಡಸಿದ್ರ ಚಿತ್ರ ಚಂದಿಲ್ಲ," ಎಂದ ಮೌನೇಶ. ಅವನ ದನಿ ಅಳುವಿನ ಅಂಚಿನಲ್ಲಿತ್ತು. "ಅಜ್ಜಾರ, ಏನ ಮಾಡೋಣ?"

ದೀಪಗಳು ಉರಿಯುತ್ತಿದ್ದವು. ಮೊಣಕಾಲಿನ ಬಿರುಕು ಮತ್ತೆ ಬಾಯಿ ತೆರೆಯುತ್ತಿತ್ತು. ಶಿವಲೀಲಾ ಒದ್ದೆ ಬಟ್ಟೆಯನ್ನು ಹಿಡಿದು ನಿಂತಿದ್ದಳು. ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮುದುಕನಿದ್ದ. ಅವಳು ಚಾಚಲಿಲ್ಲ.

ಗುರುಗಳು ಗೋಡೆ ಹಿಡಿದು ಎದ್ದರು. ಮೆಲ್ಲಗೆ ನಡೆದು ಮೇಜಿನ ಹತ್ತಿರ ಬಂದರು. ಮುದುಕನನ್ನು ನೋಡಿದರು. ಆಚೆ ದಂಡೆಯ ತಂಗಿಯನ್ನು ನೋಡಿದರು. ಆಮೇಲೆ ಕಣ್ಣಿನ ಪಕ್ಕಕ್ಕೆ ಬಂದು, ತಮ್ಮ ಮೊಣಕೈಯಿಂದ ಅದನ್ನು ಒಮ್ಮೆ ನೂಕಿದರು.

ಮುಕ್ಕಾಲಿ ಕಿರ್ರೆಂದಿತು. ತೆರೆಯ ಮೇಲೆ ಸೇತುವೆ, ಹೊಳೆ, ಮನೆ ಎಲ್ಲವೂ ಓರೆಯಾಗಿ ನಿಂತವು.

"ಅಜ್ಜಾರ," ಎಂದು ಗದಿಗೆಯ್ಯ ಎದ್ದೇಬಿಟ್ಟ.

ಗುರುಗಳು ಗುಂಡಿಯನ್ನು ಮೌನೇಶನ ಕೈಗೆ ಕೊಟ್ಟರು. ಶಿವಲೀಲಾಳ ಹೆಗಲ ಮೇಲೆ ಕೈ ಇಟ್ಟು ಅವಳನ್ನು ಸೇತುವೆಯ ಮುಂದಕ್ಕೆ ತಂದು ಕೂರಿಸಿದರು.

"ನೋಡಿದವರ ಪಾಲಿಗೆ ಸೇತುವಿ ಎರಡ ಸಲ ಅಲುಗೇತಿ. ತಂಗಿ ಮನಿ ಇನ್ನೂ ಆ ದಂಡಿಗೈತಿ. ಈಗ ಮುದುಕ ಏನ ಮಾಡ್ತಾನ?"